ಮಗು ಬೆರಳು ಚೀಪುವುದನ್ನು ಬಿಡಿಸುವುದು: ಯಾವಾಗ, ಹೇಗೆ, ಎಲ್ಲಿ ಎಡವುತ್ತದೆ

ಬೆರಳು ಚೀಪುವುದನ್ನು ಬಿಡಿಸಲು ಹೊರಡುವವರು ಒಂದೋ ತೀರ ಬೇಗ ಶುರು ಮಾಡುತ್ತಾರೆ, ಇಲ್ಲವೇ ತೀರ ತಡ ಮಾಡುತ್ತಾರೆ. ಎಂಟು ತಿಂಗಳ ಕೂಸಿನ ಬಾಯಿಂದ ದಿನವಿಡೀ ಬೆರಳು ಎಳೆಯುತ್ತ ಕೂರುವವರಿದ್ದಾರೆ. ಆರು ವರ್ಷ ತುಂಬಿ ಶಾಶ್ವತ ಹಲ್ಲು ಮುಂದಕ್ಕೆ ಉಬ್ಬಿಕೊಂಡು ಬರುತ್ತಿದ್ದರೂ ‘ದೊಡ್ಡದಾದರೆ ತಾನೇ ಬಿಡುತ್ತೆ ಬಿಡಿ’ ಎನ್ನುವವರೂ ಇದ್ದಾರೆ. ಇಬ್ಬರೂ ನೋಡದೆ ಬಿಡುವುದು ಒಂದೇ ವಿಷಯವನ್ನು: ಬೆರಳು ದಿನಕ್ಕೆ ಒಟ್ಟು ಎಷ್ಟು ಹೊತ್ತು ಬಾಯಲ್ಲಿರುತ್ತದೆ, ಯಾವ ಹೊತ್ತಿನಲ್ಲಿ ಇರುತ್ತದೆ. ಮುಂದಿನ ಹಂತಗಳೆಲ್ಲ ಈ ಲೆಕ್ಕದ ಮೇಲೆ ನಿಂತಿವೆ.

ಮೊದಲು, ಬಿಡಿಸುವ ಅಗತ್ಯ ಇದೆಯೇ ನೋಡಿ

ಚೀಪುವುದನ್ನು ಮಗುವಿಗೆ ಯಾರೂ ಕಲಿಸುವುದಿಲ್ಲ. ಗರ್ಭದಲ್ಲಿರುವಾಗಲೇ ಹೆಬ್ಬೆರಳು ಬಾಯಿಗಿಟ್ಟುಕೊಂಡಿರುವುದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಹಾಲು ಕುಡಿಯಲು ಬೇಕಾದ ಅದೇ ಕ್ರಿಯೆ ಹೊಟ್ಟೆ ತುಂಬಿದ ಮೇಲೂ ನೆಮ್ಮದಿ ಕೊಡುತ್ತದೆ, ಅಳು ನಿಲ್ಲಿಸುತ್ತದೆ, ನಿದ್ದೆಗೆ ಜಾರಿಸುತ್ತದೆ. ಬಹುಪಾಲು ಮಕ್ಕಳು 2ರಿಂದ 4 ವರ್ಷದೊಳಗೆ ಯಾರ ನೆರವೂ ಇಲ್ಲದೆ ಬಿಟ್ಟುಬಿಡುತ್ತಾರೆ.

ಒಂದು ವರ್ಷದೊಳಗಿನ ಮಗುವಿಗೆ ಏನೂ ಮಾಡಬೇಡಿ, ಕೈ ತೊಳೆದು ಉಗುರು ಕತ್ತರಿಸಿದರೆ ಸಾಕು. 1ರಿಂದ 3 ವರ್ಷದವರೆಗೆ ಎಚ್ಚರವಿರುವಾಗ ಕೈಗೆ ಬೇರೆ ಕೆಲಸ ಕೊಟ್ಟು ಗಮನ ತಿರುಗಿಸುವುದಷ್ಟೇ. ‘ಬೆರಳು ತೆಗಿ’ ಎಂಬ ಮಾತೇ ಬೇಡ. 3 ತುಂಬಿದ ಮೇಲೆ ಮೃದುವಾಗಿ ಪ್ರಯತ್ನ ಶುರು ಮಾಡಬಹುದು. 4 ದಾಟಿಯೂ ಹಗಲೂ ರಾತ್ರಿ ಚೀಪುತ್ತಿದ್ದರೆ ಇಲ್ಲಿ ಹೇಳುವ ಪೂರ್ಣ ಕ್ರಮ ಹಿಡಿಯಿರಿ. ಶಾಶ್ವತ ಮುಂಹಲ್ಲುಗಳು ಸುಮಾರು 6ನೇ ವರ್ಷಕ್ಕೆ ಮೂಡತೊಡಗುತ್ತವೆ. ಅಷ್ಟರೊಳಗೆ ಚಟ ನಿಂತರೆ ಹಾಲುಹಲ್ಲಿನಲ್ಲಿ ಆದ ವ್ಯತ್ಯಾಸ ಹಲವು ಮಕ್ಕಳಲ್ಲಿ ತಾನಾಗಿ ಸರಿಹೋಗುತ್ತದೆ.

ಹಲ್ಲು ಜರುಗುವುದು ಹೇಗೆಂದು ತಿಳಿದಿದ್ದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎನ್ನುವುದು ಸ್ಪಷ್ಟವಾಗುತ್ತದೆ. ಹೆಬ್ಬೆರಳು ಮೇಲಿನ ಮುಂಹಲ್ಲನ್ನು ಹೊರಕ್ಕೆ ತಳ್ಳುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ನಡುವೆ ಬೆರಳು ಅಡ್ಡವಿರುವುದರಿಂದ ಮೇಲಿನ ಹಲ್ಲು ಕೆಳಗಿನದನ್ನು ಮುಟ್ಟುವಷ್ಟು ಬೆಳೆಯಲಾರದೆ ಸಂದು ಉಳಿಯುತ್ತದೆ. ಜೊತೆಗೆ, ಚೀಪುವಾಗ ಕೆನ್ನೆಯ ಸ್ನಾಯು ಎರಡೂ ಕಡೆಯಿಂದ ಹಿಂಡುತ್ತದೆ, ನಾಲಿಗೆ ಬೆರಳಿನ ಕೆಳಗೆ ಸರಿದಿರುತ್ತದೆ. ಒಳಗಿನಿಂದ ಆಧಾರವಿಲ್ಲದ ಮೇಲ್ದವಡೆ ಕಿರಿದಾಗಿ ಅಂಗುಳ ಆಳವಾಗುತ್ತದೆ. ಇಲ್ಲಿ ಬಲಕ್ಕಿಂತ ಹೊತ್ತು ಮುಖ್ಯ. ಹಗುರವಾದ ಒತ್ತಡವೇ ದಿನಕ್ಕೆ ಸುಮಾರು 6 ಗಂಟೆ ಬಿದ್ದರೂ ಹಲ್ಲು ಜರುಗಲು ಸಾಕು. ನಿದ್ದೆ ಹತ್ತುವ ಹತ್ತು ನಿಮಿಷ ಮಾತ್ರ ಚೀಪುವ ಮಗುವಿನ ಹಲ್ಲಿಗೆ ಆಗುವ ಕೇಡು ಅತ್ಯಲ್ಪ.

ಈಗ ಬೆಳಕಿಗೆ ಕೂರಿಸಿ ಬಾಯಿ ನೋಡಿ. ‘ಹಿಂದಿನ ಹಲ್ಲು ಕಚ್ಚಿಕೊಂಡು ಈ ಅಂತ ಹಲ್ಲು ತೋರಿಸು’ ಎನ್ನಿ. ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ನಾಲಿಗೆಯ ತುದಿ ಕಾಣುವಷ್ಟು ಸಂದಿದೆಯೇ? ಪಕ್ಕದಿಂದ ನೋಡಿದರೆ ಮೇಲಿನ ಹಲ್ಲು ಕೆಳಗಿನದಕ್ಕಿಂತ 2–3 ಮಿಲಿಮೀಟರಿಗೂ ಹೆಚ್ಚು ಮುಂದಿದೆಯೇ? ‘ಸ’ ಹೇಳುವಾಗ ನಾಲಿಗೆ ಹಲ್ಲಿನ ನಡುವೆ ನುಸುಳುತ್ತದೆಯೇ? ಆಮೇಲೆ ಎರಡೂ ಹೆಬ್ಬೆರಳನ್ನು ಅಕ್ಕಪಕ್ಕ ಹಿಡಿದು ನೋಡಿ. ಒಂದು ಬೆರಳು ಮಾತ್ರ ವಿಶೇಷವಾಗಿ ಚೊಕ್ಕಟವಾಗಿ ಬೆಳ್ಳಗಿದ್ದು, ಗೆಣ್ಣಿನ ಮೇಲೆ ಗಟ್ಟಿ ಚರ್ಮವೋ ಸುಕ್ಕೋ ಇದ್ದರೆ ಅದೇ ನಿಜವಾದ ದಾಖಲೆ. ಮನೆಯವರ ಅಂದಾಜಿಗಿಂತ ಆ ಬೆರಳು ಸರಿಯಾದ ಲೆಕ್ಕ ಹೇಳುತ್ತದೆ. ಉಗುರಿನ ಸುತ್ತ ಕೆಂಪಾಗಿ ಊದಿ ಕೀವು ತುಂಬಿದ್ದರೆ ಅದು ಉಗುರುಸುತ್ತು. ಮೊದಲು ವೈದ್ಯರಿಗೆ ತೋರಿಸಿ, ಬಿಡಿಸುವ ಕೆಲಸ ಆಮೇಲೆ.

ಗಾಬರಿ ಕಡಿಮೆ ಮಾಡುವ ಒಂದು ಮಾತು: ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನದ ಒಂದು ಫಲಿತಾಂಶ 2016ರಲ್ಲಿ ಹೊರಬಂತು. ಬೆರಳು ಚೀಪುತ್ತಿದ್ದ ಅಥವಾ ಉಗುರು ಕಚ್ಚುತ್ತಿದ್ದ ಮಕ್ಕಳಲ್ಲಿ ಮುಂದೆ ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ಕಡಿಮೆಯಿತ್ತು. ಹಾಗೆಂದು ಯಾರೂ ಚೀಪಲು ಪ್ರೋತ್ಸಾಹಿಸಬೇಕಿಲ್ಲ. ಆದರೆ ಕೊಳೆ ಹೊಟ್ಟೆಗೆ ಹೋಗುತ್ತದೆಂಬ ಭಯವೊಂದಕ್ಕಾಗಿ ಎಳೆಗೂಸಿನ ಕೈ ಹಿಡಿಯುವುದೂ ಬೇಡ.

ಮೊದಲ ವಾರ: ಬರೆದಿಡುವುದಷ್ಟೇ

ಏಳು ದಿನ ಏನನ್ನೂ ತಡೆಯಬೇಡಿ, ಬೈಯಬೇಡಿ, ನೆನಪಿಸಲೂ ಬೇಡಿ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಎಳೆಯಿರಿ: ಯಾವ ಹೊತ್ತು, ಎಷ್ಟು ನಿಮಿಷ, ಆಗ ಏನು ನಡೆಯುತ್ತಿತ್ತು, ಇನ್ನೊಂದು ಕೈ ಏನು ಮಾಡುತ್ತಿತ್ತು. ಕೊನೆಯ ಸಾಲನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಬಿಡಬಾರದು. ಹಲವು ಮಕ್ಕಳು ಒಂದು ಕೈಯ ಬೆರಳು ಬಾಯಿಗಿಟ್ಟರೆ ಇನ್ನೊಂದರಲ್ಲಿ ಹೊದಿಕೆಯ ಅಂಚು ಉಜ್ಜುತ್ತಾರೆ, ಕಿವಿ ಎಳೆಯುತ್ತಾರೆ, ಕೂದಲು ಸುರುಳಿ ಸುತ್ತುತ್ತಾರೆ. ಇವು ಜೋಡಿ ಚಟಗಳು. ಹೊದಿಕೆ ಕೈಗೆ ಬಂದ ಕೂಡಲೇ ಬೆರಳು ಬಾಯಿಗೆ ಹೋಗುವುದಾದರೆ, ಹಗಲು ಆ ಹೊದಿಕೆಯನ್ನು ಕಣ್ಣಿಗೆ ಬೀಳದಂತೆ ಇಟ್ಟರೆ ಚೀಪುವುದು ತಾನಾಗಿ ಎಷ್ಟೋ ಇಳಿಯುತ್ತದೆ.

ರಾತ್ರಿ ಮೂರು ಸಲ ನೋಡಿ: ನಿದ್ದೆ ಹತ್ತಿದ 20 ನಿಮಿಷಕ್ಕೆ, ನೀವು ಮಲಗುವ ಮುನ್ನ, ಬೆಳಗಿನ ಜಾವ ಒಮ್ಮೆ. ಬಾಯಲ್ಲಿ ಬೆರಳು ಸುಮ್ಮನೆ ಇದೆಯೋ, ಕೆನ್ನೆ ಒಳಕ್ಕೆ ಸೆಳೆದು ‘ಟಪ್’ ಎಂದು ಸದ್ದು ಬರುವಂತೆ ಚೀಪುತ್ತಿದೆಯೋ ಎಂಬುದನ್ನೂ ಗುರುತಿಸಿಕೊಳ್ಳಿ. ಸದ್ದು ಬರುವ ಚೀಪುವಿಕೆಯಲ್ಲಿ ಒತ್ತಡ ಹೆಚ್ಚು.

ಪಟ್ಟಿ ಹೀಗೆ ಬಂತೆನ್ನಿ: ಟಿವಿ ಮುಂದೆ 40 ನಿಮಿಷ, ಕಾರಿನಲ್ಲಿ 20, ಶಾಲೆಯಿಂದ ಬಂದು ಸುಸ್ತಾಗಿ ಸೋಫಾದಲ್ಲಿ ಬಿದ್ದಾಗ 30, ಹಾಸಿಗೆಯಲ್ಲಿ ನಿದ್ದೆ ಬರುವವರೆಗೆ 30, ನಿದ್ದೆಯೊಳಗೆ ಸುಮಾರು 4 ಗಂಟೆ. ಒಟ್ಟು 6 ಗಂಟೆ. ಮನೆಯವರ ಬೈಗುಳವೆಲ್ಲ ಬೀಳುವುದು ಹಗಲಿನ ಒಂದೂವರೆ ಗಂಟೆಯ ಮೇಲೆ, ಹಲ್ಲು ಜರುಗಿಸುತ್ತಿರುವುದು ರಾತ್ರಿಯ ನಾಲ್ಕು ಗಂಟೆ. ಇಂಥ ಮಗುವಿಗೆ ಹಗಲಿನ ಉಪಾಯ ಎಷ್ಟು ಮಾಡಿದರೂ ರಾತ್ರಿಗೆ ಬೇರೆಯೇ ಏರ್ಪಾಟು ಬೇಕು. ಹಗಲು ಮಾತ್ರ ಚೀಪುವ ಮಗುವಿಗೆ ರಾತ್ರಿ ಕೈಗೆ ಏನನ್ನೂ ಸುತ್ತಬೇಕಿಲ್ಲ.

ಶುರು ಮಾಡುವ ದಿನವನ್ನೂ ಈ ವಾರವೇ ನಿರ್ಧರಿಸಿ. ತಮ್ಮನೋ ತಂಗಿಯೋ ಹುಟ್ಟಿದ ತಿಂಗಳು, ಮನೆ ಬದಲಿಸಿದ ವಾರ, ಶಾಲೆ ಸೇರಿದ ಹೊಸತು, ಜ್ವರ, ಡೈಪರ್ ಬಿಡಿಸುತ್ತಿರುವ ಸಮಯ ಬೇಡ. ಮುಂದಿನ ಆರು ವಾರ ದೊಡ್ಡ ಬದಲಾವಣೆ ಇಲ್ಲದ ಕಾಲ ಆರಿಸಿಕೊಳ್ಳಿ.

ಮಗುವನ್ನು ಒಪ್ಪಿಸುವುದು

ಒಪ್ಪದ ಮಗುವಿನ ಮೇಲೆ ಯಾವ ಉಪಾಯವೂ ನಿಲ್ಲುವುದಿಲ್ಲ. ಕೈಗೆ ಕಾಲುಚೀಲ ಹಾಕಿದರೆ ಕಿತ್ತೆಸೆಯುತ್ತದೆ, ಕಹಿ ಹಚ್ಚಿದರೆ ಒರೆಸಿಕೊಳ್ಳುತ್ತದೆ, ಇಲ್ಲವೇ ಬೇರೆ ಬೆರಳಿಗೆ ಹೋಗುತ್ತದೆ. ಚೀಪುತ್ತಿರುವ ಹೊತ್ತಿನಲ್ಲಿ ಮಾತು ತೆಗೆಯಬೇಡಿ. ಹೊಟ್ಟೆ ತುಂಬಿ ಖುಷಿಯಾಗಿರುವಾಗ ಕನ್ನಡಿ ಮುಂದೆ ಕೂತು ಶುರು ಮಾಡಿ. ಮಾತು ಚಿಕ್ಕದಿರಲಿ:

‘ಪುಟ್ಟಾ, ನೋಡು, ಈ ಹಲ್ಲು ಮುಂದೆ ಬಂದಿದೆ ಅಲ್ವಾ? ಬೆರಳು ದಿನಾ ತಳ್ತಾ ಇದೆ, ಅದಕ್ಕೇ. ನಿನಗೆ ಗೊತ್ತಿಲ್ಲದೇನೇ ಬೆರಳು ಬಾಯಿಗೆ ಹೋಗುತ್ತೆ. ಅದು ನಿನ್ನ ತಪ್ಪಲ್ಲ. ನಿಲ್ಲಿಸೋಕೆ ನಾನು ಸಹಾಯ ಮಾಡ್ಲಾ?’

‘ಬೇಡ’ ಎಂದರೆ ಅಲ್ಲಿಗೇ ಬಿಡಿ, ಎರಡು ವಾರ ಬಿಟ್ಟು ಮತ್ತೆ ಕೇಳಿ. 5 ವರ್ಷದ ಸುತ್ತಮುತ್ತ ಹಲವು ಮಕ್ಕಳು ಸ್ನೇಹಿತರು ನಕ್ಕಿದ್ದಕ್ಕೆ ತಾವಾಗಿಯೇ ಬಿಡಬೇಕೆನ್ನುತ್ತಾರೆ. ಆ ಆಸೆ ಕಂಡ ದಿನ ಬಳಸಿಕೊಳ್ಳಿ. ಒಪ್ಪಿದರೆ ಎರಡು ನಿರ್ಧಾರ ಮಗುವಿನದೇ ಆಗಲಿ: ಮರೆತು ಚೀಪುವಾಗ ನೆನಪಿಸಲು ಏನು ಗುಟ್ಟಿನ ಸನ್ನೆ ಮಾಡಬೇಕು, ಗೆದ್ದರೆ ಏನು ಬಹುಮಾನ. ಹೆಗಲು ಮೆಲ್ಲಗೆ ತಟ್ಟುವುದೋ, ಮೂಗು ಮುಟ್ಟಿಕೊಳ್ಳುವುದೋ, ಯಾವುದಾದರೂ ಸರಿ. ನಾಲ್ಕು ಜನರ ಮುಂದೆ ‘ಬೆರಳು, ಬೆರಳು!’ ಎಂದು ಕೂಗುವುದು ಅಂದಿನಿಂದ ನಿಲ್ಲಬೇಕು. ಅಜ್ಜ ಅಜ್ಜಿ, ಶಾಲೆಯ ಟೀಚರ್, ಮಗು ನೋಡಿಕೊಳ್ಳುವವರು, ಎಲ್ಲರಿಗೂ ಇದೇ ನಿಯಮ ಮೊದಲೇ ತಿಳಿಸಿ. ಒಬ್ಬರು ಸನ್ನೆ ಮಾಡಿ ಇನ್ನೊಬ್ಬರು ಕೈಗೆ ಹೊಡೆದರೆ ಮಗುವಿಗೆ ಆತಂಕ ಹೆಚ್ಚುತ್ತದೆ, ಆತಂಕವಾದಾಗ ಅದಕ್ಕೆ ಗೊತ್ತಿರುವ ಮದ್ದು ಬೆರಳೇ.

ಎರಡು ಮತ್ತು ಮೂರನೇ ವಾರ: ಹಗಲು

ಇಲ್ಲಿನ ಮುಖ್ಯ ಸಾಧನ ಮುಷ್ಟಿ. ಚಟ ಬಿಡಿಸಲು 1973ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಆಜ್ರಿನ್ ಮತ್ತು ನನ್ ರೂಪಿಸಿದ ಕ್ರಮದ ತಿರುಳು ಇಷ್ಟೇ: ಚಟದ ಜೊತೆ ಒಟ್ಟಿಗೆ ಮಾಡಲಾಗದ ಇನ್ನೊಂದು ಕೆಲಸವನ್ನು ಅದೇ ಕೈಗೆ ಕೊಡುವುದು. ಹೆಬ್ಬೆರಳನ್ನು ಒಳಗಿಟ್ಟು ನಾಲ್ಕು ಬೆರಳು ಮಡಚಿ, ಕೈಯನ್ನು ಸೊಂಟದ ಪಕ್ಕ ಇಳಿಬಿಟ್ಟು, ನಿಧಾನವಾಗಿ 20ರವರೆಗೆ ಎಣಿಸಬೇಕು. ಬೆರಳು ಬಾಯಿಗೆ ಹೋದಾಗ, ಹೋಗಬೇಕೆನಿಸಿದಾಗ, ಎರಡೂ ಸಲ ಇದೇ. ಎಣಿಸಲು ಬಾರದ ಮಗುವಿನ ಜೊತೆ ನೀವೇ ಎಣಿಸಿ.

ಬೆಳಿಗ್ಗೆ ಐದು ಸಲ ನಾಟಕದಂತೆ ಅಭ್ಯಾಸ ಮಾಡಿಸಿ: ‘ಈಗ ನೀನು ಟಿವಿ ನೋಡ್ತಾ ಇದ್ದೀಯ, ಕೈ ಮೇಲೆ ಹೋಗ್ತಾ ಇದೆ, ಬಾಯಿ ಹತ್ತಿರ ಬಂತು, ಹಿಡಿ ಮುಷ್ಟಿ!’ ಬೆರಳು ತುಟಿಗೆ ಮುಟ್ಟುವ ಮೊದಲೇ ಅರ್ಧ ದಾರಿಯಲ್ಲಿ ತಡೆಯುವುದನ್ನು ಹೀಗೆಯೇ ಕಲಿಸಬೇಕು. ಅಭ್ಯಾಸವಿಲ್ಲದೆ ಸನ್ನೆ ಮಾತ್ರ ಮಾಡಿದರೆ ಮಗು ಬೆರಳು ತೆಗೆಯುತ್ತದೆ, ಮುಂದೇನು ಮಾಡಬೇಕೆಂದು ತಿಳಿಯದೆ ಅರ್ಧ ನಿಮಿಷಕ್ಕೆ ಮತ್ತೆ ಇಟ್ಟುಕೊಳ್ಳುತ್ತದೆ.

ಇನ್ನು ಪಟ್ಟಿಯಲ್ಲಿ ಅತಿ ಹೆಚ್ಚು ನಿಮಿಷ ಬಂದ ಹೊತ್ತುಗಳನ್ನು ಒಂದೊಂದಾಗಿ ಎತ್ತಿಕೊಳ್ಳಿ. ಟಿವಿ ಮುಂದೆಯಾದರೆ ಎರಡೂ ಕೈಗೆ ಕೆಲಸ ಕೊಡುವ ವಸ್ತು ಬೇಕು: ಹಿಸುಕುವ ಚೆಂಡು, ಜೇಡಿಮಣ್ಣಿನಂಥ ಆಟದ ಹಿಟ್ಟು, ಜೋಡಿಸುವ ದೊಡ್ಡ ತುಂಡುಗಳು. ಒಂದೇ ಕೈಯಲ್ಲಿ ಹಿಡಿಯುವ ಆಟಿಕೆಯಿಂದ ಪ್ರಯೋಜನವಿಲ್ಲ, ಇನ್ನೊಂದು ಕೈ ಖಾಲಿ ಇರುತ್ತದೆ. ಸುಸ್ತಿನಿಂದ ಚೀಪುವುದಾದರೆ ಆಟಿಕೆ ಕೊಟ್ಟು ಫಲವಿಲ್ಲ. ರಾತ್ರಿಯ ನಿದ್ದೆಯನ್ನು ಅರ್ಧ ಗಂಟೆ ಮುಂಚಿತಗೊಳಿಸಿ, ಶಾಲೆಯಿಂದ ಬಂದ ಕೂಡಲೇ ತಿನ್ನಲು ಕೊಡಿ. ಹೆದರಿಕೆಯಿಂದ ಚೀಪುವ ಮಗುವಿಗೆ ಮೊದಲು ತಬ್ಬಿಕೊಳ್ಳುವುದು, ಮುಷ್ಟಿ ಆಮೇಲೆ.

ಸ್ಟಿಕರ್ ಹಚ್ಚುವ ಹಾಳೆ ಬೇಕೇ ಬೇಕು. ಆದರೆ ‘ಇಡೀ ದಿನ ಚೀಪದಿದ್ದರೆ ಒಂದು ಸ್ಟಿಕರ್’ ಎಂಬ ಕರಾರು ಮೊದಲ ದಿನವೇ ಸೋಲುತ್ತದೆ. ಎಚ್ಚರವಿರುವ ಹೊತ್ತನ್ನು ಐದಾರು ತುಂಡು ಮಾಡಿ: ಎದ್ದಾಗಿನಿಂದ ತಿಂಡಿಯವರೆಗೆ, ತಿಂಡಿಯಿಂದ ಶಾಲೆಯವರೆಗೆ, ಹೀಗೆ. ಪ್ರತಿ ತುಂಡಿಗೊಂದು ಸ್ಟಿಕರ್. ಮೊದಲ ಮೂರು ದಿನ ಮಗು ಅರ್ಧಕ್ಕಿಂತ ಹೆಚ್ಚು ತುಂಡು ಗೆಲ್ಲುವಂತಿರಬೇಕು. ಗೆಲ್ಲದಿದ್ದರೆ ತುಂಡು ಉದ್ದವಾಯಿತೆಂದು ಅರ್ಥ, ಒಂದೊಂದು ಗಂಟೆಗೆ ಇಳಿಸಿ. ಗೆದ್ದ ಸ್ಟಿಕರನ್ನು ಯಾವ ಕಾರಣಕ್ಕೂ ಕಿತ್ತುಕೊಳ್ಳಬೇಡಿ. ಬಹುಮಾನ ಸಣ್ಣದಿರಲಿ, ಅಂದಂದೇ ಸಿಗಲಿ. ಒಂದು ಹೆಚ್ಚಿನ ಕಥೆ ಅಥವಾ ಜೊತೆಗೂಡಿ ಆಡುವ ಹತ್ತು ನಿಮಿಷ. ತಿಂಗಳ ಕೊನೆಗೆ ಸೈಕಲ್ ಕೊಡಿಸುತ್ತೇವೆಂಬ ಮಾತು ನಾಲ್ಕು ವರ್ಷದ ಮಗುವಿನ ಲೆಕ್ಕಕ್ಕೆ ಸಿಗುವುದಿಲ್ಲ.

ಸನ್ನೆ ಮಾಡುವುದಕ್ಕಿಂತ ಹೆಚ್ಚು ಸಲ ಹೊಗಳಿ. ಬೆರಳು ಹೊರಗಿದ್ದಾಗ ಗಮನಿಸುವವರು ಕಡಿಮೆ, ಎಲ್ಲರ ಕಣ್ಣೂ ಅದು ಒಳಗೆ ಹೋದಾಗಲೇ ತೆರೆಯುತ್ತದೆ. ‘ಈ ಕಥೆ ಮುಗಿಯೋವರೆಗೂ ಕೈ ಕೆಳಗೇ ಇತ್ತು’ ಎಂದು ನಿಖರವಾಗಿ ಹೇಳಿದರೆ ಬರೀ ‘ಜಾಣ’ ಎನ್ನುವುದಕ್ಕಿಂತ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

ರಾತ್ರಿ

ನಿದ್ದೆಯಲ್ಲಿ ಚೀಪುವುದು ಮಗುವಿನ ಕೈಯಲ್ಲಿಲ್ಲ. ಆದ್ದರಿಂದ ರಾತ್ರಿಯ ಸೋಲಿಗೆ ಸ್ಟಿಕರ್ ತಪ್ಪಿಸಬೇಡಿ. ‘ಕಾಲುಚೀಲ ಹಾಕಿಕೊಂಡು ಮಲಗಿದೆ’ ಎಂಬುದಕ್ಕೇ ಸ್ಟಿಕರ್ ಕೊಡಿ. ಹಗಲು ಒಂದು ಹಿಡಿತಕ್ಕೆ ಬಂದ ಮೇಲೆ, ಅಂದರೆ ಸುಮಾರು ನಾಲ್ಕನೇ ವಾರಕ್ಕೆ, ಇವುಗಳಲ್ಲಿ ಒಂದನ್ನು ಶುರು ಮಾಡಿ.

ಎಲ್ಲಕ್ಕಿಂತ ಸುಲಭದ್ದು ಮಗು ಗಾಢ ನಿದ್ದೆಗೆ ಹೋದ ಮೇಲೆ, ಅಂದರೆ 15–20 ನಿಮಿಷ ಬಿಟ್ಟು, ಗದ್ದವನ್ನು ಒಂದು ಬೆರಳಿಂದ ಕೆಳಗೊತ್ತಿ ಹೆಬ್ಬೆರಳು ಹೊರತೆಗೆಯುವುದು. ಎಳೆದರೆ ಮಗು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಗದ್ದ ಇಳಿದರೆ ಬಾಯೊಳಗಿನ ಸೆಳೆತ ಬಿಟ್ಟು ಬೆರಳು ತಾನೇ ಜಾರುತ್ತದೆ. ಚಟ ಇದರಿಂದ ಹೋಗುವುದಿಲ್ಲ, ಆದರೆ ನಾಲ್ಕು ಗಂಟೆ ಎರಡಕ್ಕಿಳಿದರೂ ಹಲ್ಲಿಗೆ ಅಷ್ಟು ಉಪಕಾರ.

ಎರಡನೆಯದು ಉದ್ದ ತೋಳಿನ ರಾತ್ರಿಯಂಗಿ. ತೋಳು ಬೆರಳ ತುದಿಗಿಂತ 8–10 ಸೆಂಟಿಮೀಟರ್ ಉದ್ದವಿರಲಿ, ತುದಿಯನ್ನು ಹೊಲಿದು ಮುಚ್ಚಿ. ಹತ್ತಿಯ ಕಾಲುಚೀಲವೂ ಆಗುತ್ತದೆ, ಆದರೆ ನಡುರಾತ್ರಿ ಕಳಚಿ ಬೀಳುವುದೇ ಹೆಚ್ಚು. ಕಳಚಬಾರದೆಂದು ದಾರ, ರಬ್ಬರ್ ಬ್ಯಾಂಡ್, ಪಿನ್ನು ಬಳಸಬೇಡಿ, ರಕ್ತ ಸಂಚಾರ ನಿಲ್ಲಬಹುದು. ಬೆರಳಿಗೆ ಅಂಟುವ ಪ್ಲಾಸ್ಟರ್ ಹಗಲಿನ ನೆನಪಿಗೆ ಒಳ್ಳೆಯದು. ನಿದ್ದೆಯಲ್ಲಿ ಬಿಚ್ಚಿ ಗಂಟಲಿಗೆ ಸಿಕ್ಕುವ ಅಪಾಯವಿರುವುದರಿಂದ ರಾತ್ರಿ ಬೇಡ.

ಮೂರನೆಯದು ಮೊಣಕೈಗೆ ಕ್ರೇಪ್ ಬ್ಯಾಂಡೇಜ್. ಇದು 4 ವರ್ಷ ದಾಟಿದ, ಒಪ್ಪಿಕೊಂಡ ಮಗುವಿಗೆ ಮಾತ್ರ. ಸುಮಾರು 7.5 ಸೆಂಟಿಮೀಟರ್ ಅಗಲದ ಬ್ಯಾಂಡೇಜನ್ನು, ಕೈ ನೇರವಾಗಿ ಚಾಚಿದಾಗ, ತೋಳಿನ ನಡುಭಾಗದಿಂದ ಮುಂಗೈ ನಡುಭಾಗದವರೆಗೆ ಎಳೆಯದೆ ಸಡಿಲವಾಗಿ ಸುತ್ತಿ. ಕೊನೆಯನ್ನು ಬಟ್ಟೆಯ ಟೇಪಿನಿಂದ ಅಂಟಿಸಿ, ಲೋಹದ ಕ್ಲಿಪ್ ಬೇಡ. ಒಳಗೆ ನಿಮ್ಮ ಎರಡು ಬೆರಳು ಆರಾಮವಾಗಿ ತೂರಬೇಕು. ಕೈ ಮಡಚಲು ಆಗುತ್ತದೆ, ಬೆರಳೂ ಬಾಯಿಗೆ ಹೋಗುತ್ತದೆ. ಆದರೆ ನಿದ್ದೆ ಬಂದು ಸ್ನಾಯು ಸಡಿಲವಾದಂತೆ ಬ್ಯಾಂಡೇಜಿನ ಎಳೆತ ಕೈಯನ್ನು ಮೆಲ್ಲಗೆ ನೇರ ಮಾಡಿ ಬೆರಳನ್ನು ಹೊರತರುತ್ತದೆ. ನಿದ್ದೆ ಹತ್ತಿಸಿಕೊಳ್ಳುವ ಸುಖವನ್ನು ಕಿತ್ತುಕೊಳ್ಳದೆ ನಿದ್ದೆಯೊಳಗಿನ ಗಂಟೆಗಳನ್ನಷ್ಟೇ ಕಡಿಮೆ ಮಾಡುವುದರಿಂದ ಮೂರರಲ್ಲಿ ನಾವು ಮೊದಲು ಹೇಳುವುದು ಇದನ್ನೇ. ಸುತ್ತಿದ ಹತ್ತು ನಿಮಿಷಕ್ಕೆ ಉಗುರು ಒತ್ತಿ ನೋಡಿ. ಬಿಟ್ಟ ಕೂಡಲೇ ಗುಲಾಬಿ ಬಣ್ಣ ಮರಳಬೇಕು. ಬೆರಳು ತಣ್ಣಗಾಗಿದ್ದರೆ, ಊದಿದ್ದರೆ, ಜುಮುಜುಮು ಎಂದರೆ ತಕ್ಷಣ ಬಿಚ್ಚಿ.

ಯಾವುದನ್ನೇ ಆರಿಸಿದರೂ ರಾತ್ರಿ ತಪ್ಪದೆ ಆರು ವಾರ ನಡೆಸಬೇಕು. ನಾಲ್ಕು ರಾತ್ರಿ ಬೆರಳು ಹೊರಗಿತ್ತೆಂದು ನಿಲ್ಲಿಸಿದರೆ ಐದನೇ ರಾತ್ರಿ ಹಳೆಯ ಕಥೆಯೇ.

ಕಹಿ ಹಚ್ಚುವ ವಿಚಾರ

ಬೆರಳಿಗೆ ಹಚ್ಚುವ ಕಹಿ ದ್ರಾವಣಗಳಲ್ಲಿ ಸಾಮಾನ್ಯವಾಗಿ ಇರುವುದು ಡೆನಟೋನಿಯಂ ಬೆಂಜೋಯೇಟ್. ಗೊತ್ತಿರುವ ವಸ್ತುಗಳಲ್ಲೇ ಅತ್ಯಂತ ಕಹಿಯಾದವುಗಳಲ್ಲಿ ಒಂದಾದ ಇದು 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಅರಿವಳಿಕೆ ಔಷಧದ ಸಂಶೋಧನೆಯ ನಡುವೆ ಆಕಸ್ಮಿಕವಾಗಿ ಸಿಕ್ಕಿತು. ಕೆಲಸ ಮಾಡುತ್ತದೆ, ಆದರೆ ಜ್ಞಾಪಿಸುವ ಗಂಟೆಯಾಗಿ ಬಳಸಿದರೆ ಮಾತ್ರ. ಶಿಕ್ಷೆಯಾಗಿ ಹಚ್ಚಿದರೆ ಮಗು ಒರೆಸಿಕೊಳ್ಳುವ ಕಲೆ ಕಲಿಯುತ್ತದೆ.

ಬೆಳಿಗ್ಗೆ ಎದ್ದ ಮೇಲೆ ಒಮ್ಮೆ, ಮಲಗುವ ಮುನ್ನ ಒಮ್ಮೆ, ಚೀಪುವುದು ಕಂಡಾಗಲೆಲ್ಲ ಒಮ್ಮೆ, ಉಗುರಿನ ಮೇಲೆ ತೆಳುವಾಗಿ ಹಚ್ಚಿ. ಊಟಕ್ಕೆ ಮುಂಚೆ ಕೈ ತೊಳೆಸಿ, ಇಲ್ಲದಿದ್ದರೆ ತುತ್ತೆಲ್ಲ ಕಹಿ. ಸತತ 5ರಿಂದ 7 ದಿನ ಒಮ್ಮೆಯೂ ಚೀಪದಿದ್ದರೆ ಬೆಳಗಿನದನ್ನು ನಿಲ್ಲಿಸಿ. ಇನ್ನೊಂದು ವಾರ ಹಾಗೆಯೇ ನಡೆದರೆ ರಾತ್ರಿಯದನ್ನೂ. 4 ವರ್ಷದೊಳಗಿನ ಮಗುವಿಗೂ, ಚರ್ಮ ಒಡೆದಿರುವ ಬೆರಳಿಗೂ ಹಚ್ಚಬೇಡಿ. ಕೆಲವು ದ್ರಾವಣಗಳಲ್ಲಿ ಮೆಣಸಿನ ಖಾರ ಇರುತ್ತದೆ, ಲೇಬಲ್ ಓದಿ ಬದಿಗಿಡಿ. ಮನೆಯ ಮೆಣಸಿನ ಪುಡಿ ಅಂತೂ ಬೇಡವೇ ಬೇಡ: ನಿದ್ದೆಗಣ್ಣಲ್ಲಿ ಮಗು ಅದೇ ಕೈಯಲ್ಲಿ ಕಣ್ಣುಜ್ಜಿಕೊಳ್ಳುತ್ತದೆ.

ಎಡವುವ ಕಡೆಗಳು

ಹತ್ತು ದಿನವಾದರೂ ಹಗಲಿನ ನಿಮಿಷ ಇಳಿಯುತ್ತಿಲ್ಲವೆಂದರೆ, ಮೊದಲು ನೋಡಬೇಕಾದದ್ದು ನೀವು ಸನ್ನೆ ಮಾಡುವುದು ಎಷ್ಟು, ಹೊಗಳುವುದು ಎಷ್ಟು ಎಂಬುದನ್ನು. ಗಮನಕ್ಕಾಗಿ ಚೀಪುವ ಮಗುವಿಗೆ ಸನ್ನೆಯೂ ಗಮನವೇ. ಅಂಥ ಮಗು ನಿಮ್ಮ ಮುಖ ನೋಡುತ್ತಲೇ ಬೆರಳಿಡುತ್ತದೆ, ಆಗ ಸನ್ನೆ ಬಿಟ್ಟು ಬೇರೆ ಕಡೆ ನೋಡಿ. ಬೆರಳು ತೆಗೆದ ಕ್ಷಣ ಮಾತಾಡಿಸಿ.

ಹೆಬ್ಬೆರಳು ಬಿಟ್ಟು ತೋರುಬೆರಳೋ ಅಂಗಿಯ ಕಾಲರೋ ಬಾಯಿಗೆ ಹೋದರೆ ಉಪಾಯ ಸೋತಿಲ್ಲ. ಹೊಸ ಚಟ ಇನ್ನೂ ಬೇರೂರಿಲ್ಲ, ಅದೇ ಮುಷ್ಟಿ ಅಭ್ಯಾಸವನ್ನು ಅದಕ್ಕೂ ನಡೆಸಿ. ಜ್ವರ ಬಂದಾಗ, ಊರಿಗೆ ಹೋದಾಗ ಚಟ ಮರುಕಳಿಸುವುದು ಸಾಮಾನ್ಯ. ಜ್ವರದಲ್ಲಿ ಬಿಟ್ಟುಬಿಡಿ, ಗುಣವಾದ ಮೂರನೇ ದಿನದಿಂದ ಸ್ಟಿಕರ್ ಹಾಳೆಯನ್ನು ಸಣ್ಣ ತುಂಡುಗಳಿಂದ ಮತ್ತೆ ತೆಗೆಯಿರಿ. ಎರಡನೇ ಸಲ ಬೇಗ ಹಿಡಿತಕ್ಕೆ ಬರುತ್ತದೆ.

ಪ್ರಾಮಾಣಿಕವಾಗಿ ನಡೆಸಿದರೂ ಮಗು ಅಳು, ಸಿಡುಕು, ನಿದ್ದೆಗೇಡಿಗೆ ಬಿದ್ದರೆ ನಿಲ್ಲಿಸಿ. ಎರಡು ಮೂರು ತಿಂಗಳು ಬಿಟ್ಟರೆ ಹಲ್ಲಿಗೆ ಅಂಥ ನಷ್ಟವೇನಿಲ್ಲ.

ದಂತವೈದ್ಯರ ಹಂತ

ಬಾಯಿ ನೋಡಿದಾಗ ಮೇಲೆ ಹೇಳಿದ ಸಂದು ಕಂಡರೆ, ಅಥವಾ ಶಾಶ್ವತ ಮುಂಹಲ್ಲು ಮೂಡುತ್ತಿದ್ದರೂ ಚಟ ನಿಂತಿಲ್ಲವಾದರೆ ಮಕ್ಕಳ ದಂತವೈದ್ಯರ ಬಳಿ ಹೋಗಿ. ಏಳು ದಿನದ ಹಾಳೆ ಕೈಯಲ್ಲಿರಲಿ. ಹಲವು ಸಲ ವೈದ್ಯರು ಮಗುವಿಗೇ ನೇರವಾಗಿ ಹೇಳುವ ಎರಡು ಮಾತು ಮನೆಯವರ ಇನ್ನೂರು ಮಾತಿಗಿಂತ ಚೆನ್ನಾಗಿ ನಾಟುತ್ತದೆ.

ಬೇರೆ ದಾರಿಯಿಲ್ಲದಾಗ ಅಂಗುಳಕ್ಕೆ ತಂತಿಯ ಉಪಕರಣ ಕೂರಿಸುತ್ತಾರೆ. ಮೇಲಿನ ಹಿಂದಿನ ದವಡೆಹಲ್ಲುಗಳಿಗೆ ಉಂಗುರ ಅಂಟಿಸಿ, ಅದರಿಂದ ಹೊರಟ ತಂತಿ ಮುಂಹಲ್ಲಿನ ಹಿಂದೆ ಸಣ್ಣ ಬೇಲಿಯಂತೆ ನಿಲ್ಲುತ್ತದೆ. ಬೆರಳು ಅಂಗುಳಕ್ಕೆ ಒತ್ತಿ ಕೂರಲು ಬಿಡುವುದಿಲ್ಲ, ಸೆಳೆತ ಹುಟ್ಟುವುದಿಲ್ಲ, ಚೀಪುವ ಸುಖ ಹೋಗುತ್ತದೆ. ಹಾಕಿದ ಮೊದಲ ಒಂದೆರಡು ವಾರ ಮಾತು ತೊದಲುತ್ತದೆ, ಜೊಲ್ಲು ಹೆಚ್ಚುತ್ತದೆ, ಊಟ ನಿಧಾನವಾಗುತ್ತದೆ. ಈ ದಿನಗಳಿಗೆ ಮೆತ್ತನೆಯ ಊಟ ಸಿದ್ಧವಿಟ್ಟುಕೊಳ್ಳಿ. ಅಂಟುವ ಮಿಠಾಯಿ, ಗಟ್ಟಿಯಾಗಿ ಕಚ್ಚುವ ತಿನಿಸು ಉಪಕರಣ ಇರುವಷ್ಟು ದಿನವೂ ಬೇಡ. ಉಂಗುರದ ಸುತ್ತ ಅನ್ನ ಸಿಕ್ಕಿ ಹುಳುಕು ಹಿಡಿಯದಂತೆ ರಾತ್ರಿ ನೀವೇ ಬ್ರಷ್ ಮಾಡಿಸಬೇಕು. ಕೆಲವೇ ದಿನದಲ್ಲಿ ಚೀಪುವುದು ನಿಂತಂತೆ ಕಂಡರೂ ‘ಈಗ ತೆಗೆದುಬಿಡಿ’ ಎಂದು ವೈದ್ಯರ ಬೆನ್ನು ಹತ್ತಬೇಡಿ. ಚಟ ನಿಂತ ಮೇಲೂ ಕೆಲವು ತಿಂಗಳು ಇಟ್ಟರಷ್ಟೇ ಅದು ಮರಳುವುದಿಲ್ಲ.

ತೆಗೆದ ಮೇಲೆ, ಅಥವಾ ಮನೆಯಲ್ಲೇ ಚಟ ಬಿಟ್ಟ ಮೇಲೆ, ತಿಂಗಳಿಗೊಮ್ಮೆ ‘ಈ’ ಎನ್ನಿಸಿ ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ಆರು ತಿಂಗಳಾದರೂ ಸಂದು ಮುಚ್ಚದಿದ್ದರೆ, ನುಂಗುವಾಗ ನಾಲಿಗೆ ಆ ಸಂದಿಗೆ ತೂರಿಕೊಳ್ಳುವ ಅಭ್ಯಾಸ ಉಳಿದಿರಬಹುದು. ಆ ಫೋಟೋಗಳನ್ನು ತೆಗೆದುಕೊಂಡು ಮತ್ತೊಮ್ಮೆ ದಂತವೈದ್ಯರನ್ನು ಕಾಣಿ. ‘ಸ’ ಕೂಡ ಸರಿಯಾಗಿ ಬರುತ್ತಿಲ್ಲವೆಂದರೆ ವಾಕ್ ಚಿಕಿತ್ಸಕರನ್ನೂ.